ದೊಡ್ಡ ಸಪ್ಪಳದ ಪಾನಾ

ಯಂಕಂಚಿಯ ಖಂಡೆಪ್ಪನನ್ನು ಇಂಜಿನ್ ನೋಡಲು ಯಾರೂ ಕರೆಯದೆ ಹನ್ನೊಂದು ದಿನವಾಗಿತ್ತು. ದಿನ ಎಣಿಸಿದವನು ಅವನೊಬ್ಬನೇ. ಊರಿಗೆ ಅದು ಗೊತ್ತೂ ಇರಲಿಲ್ಲ.

ಅದು ೧೯೬೫ರ ಮಾರ್ಚ್ ತಿಂಗಳು. ಆಗ ಊರಿನಲ್ಲಿ ಏಳು ಆಯಿಲ್ ಇಂಜಿನ್‌ಗಳಿದ್ದವು. ಆರು ಬಾವಿಗಳ ಮೇಲೆ, ಒಂದು ಖಂಡೆಪ್ಪನ ಹಿಟ್ಟಿನ ಗಿರಣಿಯಲ್ಲಿ. ಸಿಂದಗಿಯ ಮೇಸ್ತ್ರಿ ಬರಬೇಕೆಂದರೆ ಚಕ್ಕಡಿ ಕಳಿಸಬೇಕಿತ್ತು. ಅವನೋ ನಾಳೆ ಎಂದರೆ ನಾಲ್ಕನೆಯ ದಿನ ಬರುವ ಗಿರಾಕಿ. ಹೀಗಾಗಿ ಖಂಡೆಪ್ಪ ತನ್ನ ಇಂಜಿನ್ನನ್ನು ತಾನೇ ಬಿಚ್ಚಿ, ತಾನೇ ಕೂಡಿಸಿ, ಎರಡು ಸಲ ಕೈಬೆರಳು ಜಜ್ಜಿಸಿಕೊಂಡು ಕೆಲಸ ಕಲಿತ. ಆಮೇಲೆ ಮಂದಿಯ ಇಂಜಿನ್‌ಗಳೂ ಅವನ ಕೈಗೆ ಬಂದವು. ಅದಕ್ಕೆ ಅವನು ದುಡ್ಡು ಮುಟ್ಟುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಬೇರೆ. ಬಾವಿಯ ದಂಡೆಗೆ ಹೋದ ಕೂಡಲೆ ಕಂಬಳಿ ಹಾಸಬೇಕು, ಕಪ್ಪು-ಬಸಿಯಲ್ಲಿ ಚಹಾ ಬರಬೇಕು, ಇಂಜಿನ್ ಮೊದಲ ಹೊಗೆ ಉಗುಳಿದಾಗ ಸುತ್ತ ನಿಂತವರು, "ಖಂಡೆಪ್ಪ ಕೈ ಹಚ್ಚಿದ ಅಂದ್ರ ಮುಗೀತು ಬಿಡ್ರಿ" ಎನ್ನಬೇಕು. ಒಂಬತ್ತು ವರ್ಷ ಇದು ತಪ್ಪದೆ ನಡೆದಿತ್ತು.

ಹೋದ ದೀಪಾವಳಿಯ ಹೊತ್ತಿಗೆ ಕಾಸಿಂಸಾಬ ಮಿಲ್ಟ್ರಿ ನೌಕರಿ ಮುಗಿಸಿ ಊರಿಗೆ ಬಂದ. ಹದಿನೈದು ವರ್ಷ ಮೋಟಾರು ವರ್ಕ್‌ಶಾಪಿನಲ್ಲಿ ಇದ್ದವನು. ಖಂಡೆಪ್ಪನಿಗಿಂತ ಆರು ವರ್ಷ ಚಿಕ್ಕವನು. ಇಬ್ಬರ ಅಪ್ಪಂದಿರೂ ಒಂದೇ ಕಟ್ಟೆಯ ಮೇಲೆ ಕುಳಿತು ಒಂದೇ ಚಿಲುಮೆ ಸೇದಿದವರು. ಅವನು ತಂದದ್ದು ಒಂದು ಹಸಿರು ತಗಡಿನ ಪೆಟ್ಟಿಗೆ. ಅದರೊಳಗೆ ಒಂದು ರ‍್ಯಾಚೆಟ್ ಹಿಡಿಕೆ, ಅದರ ತುದಿಗೆ ಸಿಕ್ಕಿಸುವ ಸಾಕೆಟ್ಟುಗಳು. ನಟ್ಟು ಬಿಚ್ಚುವ ಸ್ಪ್ಯಾನರಿಗೆ ಆ ಕಡೆ ಪಾನಾ ಎನ್ನುತ್ತಾರೆ. ಖಂಡೆಪ್ಪನ ಮಾಮೂಲು ಪಾನಾ ಆದರೆ ನಟ್ಟನ್ನು ಒಂದಿಷ್ಟು ತಿರುಗಿಸಿ, ಎತ್ತಿ, ಮತ್ತೆ ಕೂಡಿಸಿ, ಮತ್ತೆ ತಿರುಗಿಸಬೇಕು. ಕಾಸಿಂಸಾಬನದು ಹಾಗಲ್ಲ. ಒಮ್ಮೆ ನಟ್ಟಿನ ಮೇಲೆ ಕೂತಿತೆಂದರೆ ಎತ್ತುವ ಮಾತೇ ಇಲ್ಲ. ಹಿಡಿಕೆಯನ್ನು ಎಳೆದಾಗ ನಟ್ಟು ತಿರುಗುತ್ತದೆ. ಹಿಂದಕ್ಕೆ ಬಿಟ್ಟಾಗ ಒಳಗಿನ ಹಲ್ಲುಗಾಲಿ ಕಿರ್ ಎಂದು ಜಾರುತ್ತದೆ, ನಟ್ಟು ಇದ್ದಲ್ಲೇ ಇರುತ್ತದೆ. ಊರ ಮಂದಿ ಅದಕ್ಕೆ ಕಿರ್‌ಕಿರ್ ಪಾನಾ ಎಂದು ಹೆಸರಿಟ್ಟರು. ನೋಡಿದವರು ನೋಡದವರಿಗೆ ಹೇಳಿದರು. ಕರೆ ಅತ್ತ ಹೋಗತೊಡಗಿತು.

ಖಂಡೆಪ್ಪನ ಹೊಟ್ಟೆಯೊಳಗೆ ಆವತ್ತು ಬಿದ್ದ ಕೆಂಡ ಆರಲಿಲ್ಲ. ಗಿರಣಿಯ ಬಾಗಿಲಲ್ಲಿ ಕುಳಿತವನ ಕಣ್ಣು ಕಾಸಿಂಸಾಬನ ಓಣಿಯ ಮೇಲೆ. ಯಾವ ತೋಟದ ಆಳು ಆ ಕಡೆ ಹೊರಳಿದ, ಎಷ್ಟು ಹೊತ್ತಿಗೆ ಹೊರಬಂದ, ಪೆಟ್ಟಿಗೆ ಹೊತ್ತವನು ಯಾರು, ಎಲ್ಲ ಅವನಿಗೆ ಗೊತ್ತು. ಒಂದು ದಿನ ಕಾಸಿಂಸಾಬ ಜೋಳ ಬೀಸಿಸಲು ತಾನೇ ಬಂದಾಗ ಖಂಡೆಪ್ಪ ಹಿಟ್ಟು ಝಾಡಿಸುತ್ತ ಅಕ್ಕರೆಯಿಂದ ಮಾತು ತೆಗೆದ.

"ಕಾಸಿಮಾ, ಆಲಮಟ್ಟಿಯೊಳಗ ಆಣೆಕಟ್ಟಿನ ಕೆಲಸ ನಡಸ್ತಾರಂತ. ನಿನ್ನಂಥಾ ಕಲಿತಾವ್ರು ಅಲ್ಲಿ ಭಾಳ ಬೇಕಂತಪಾ. ಇಲ್ಲೇನೈತಿ, ಬರೇ ಧೂಳ."

"ಇರ್ಲಿ ಬಿಡೊ ಯಣ್ಣಾ. ಹದಿನೈದ ವರ್ಷ ಊರ ಬಿಟ್ಟಿದ್ನಿ. ಇನ್ನ ಇಲ್ಲೇ ನಿನ್ನ ಗಿರಣಿ ಹಿಟ್ಟ ತಿಂದಕೊಂಡ ಬಿದ್ದಿರ್ತೇನಿ."

ಅವನು ನಕ್ಕ. ಆ ನಗೆಯಲ್ಲಿ ಖಂಡೆಪ್ಪನಿಗೆ ಹತ್ತು ಅರ್ಥ ಕಂಡವು, ಹತ್ತೂ ಕೆಟ್ಟವು.

ಹನ್ನೊಂದನೆಯ ದಿನ ಸಂಜೆ ಅವನು ಹೆಂಡತಿಗೆ ಹೇಳಿದ: "ನಾಳೆ ಸಿಂದಗಿಗೆ ಹೊಂಟೇನಿ. ಒಂದ ಕಿರ್‌ಕಿರ್ ಪಾನಾ ತರಾವ."

ಕಸ್ತೂರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ತರ್ರಿ. ಆದ್ರ ಕಾಸಿಂಸಾಬಗ ಜೋಡಿ ಕರ್ಕೊಂಡ ಹೋಗ್ರಿ. ಅಂವಗ ಅದರ ಕುಲಗೋತ್ರ ಗೊತ್ತೈತಿ."

"ನನಗ ಕಣ್ಣಿಲ್ಲೇನ?"

"ಕಣ್ಣ ಅದಾವ್ರಿ. ದಿನಾ ಮುಂಜಾನಿಂದ ಸಂಜೀತನಕ ಅವನ ಓಣಿ ಕಡೇನ ಇರ್ತಾವ."

ಖಂಡೆಪ್ಪ ಉಣ್ಣದೆ ಎದ್ದ. ಅರ್ಧ ತಾಸಿನ ಮೇಲೆ ಬಂದು ಉಂಡ.

ಅವನ ಮನಸ್ಸಿನಲ್ಲಿ ಒಂದು ವಿಚಾರ ಗಟ್ಟಿಯಾಗಿತ್ತು. ಆ ಸೀಮೆಯಲ್ಲಿ ಇಂಜಿನ್ನಿನ ಯೋಗ್ಯತೆಯನ್ನು ಅಳೆಯುತ್ತಿದ್ದುದು ಕಿವಿ. ಗಿರಣಿ ಇಟ್ಟವರು ಹೊಗೆ ಕೊಳವೆಯ ತುದಿಗೆ ತಗಡಿನ ಡಬ್ಬಿ ಕಟ್ಟಿ ಕುಕ್ ಕುಕ್ ಎಂದು ಕೂಗಿಸುತ್ತಿದ್ದರು. ಎರಡು ಹರದಾರಿಯ ಮೇಲೆ ಕೇಳಿದರೆ ಅದು ಭಾರಿ ಗಿರಣಿ. ಸದ್ದು ಮಾಡದ ಇಂಜಿನ್ ಎಂದರೆ ಸೊರಗಿದ ಇಂಜಿನ್. ಖಂಡೆಪ್ಪನ ಗಿರಣಿಯ ಡಬ್ಬಿಯೇ ಸುತ್ತಿನಲ್ಲಿ ದೊಡ್ಡದು. ಕಾಸಿಂಸಾಬನ ಪಾನಾದ ಸದ್ದಾದರೂ ಎಂಥದು? ಜೀರುಂಡೆಯ ಸದ್ದು, ಪಕ್ಕದಲ್ಲಿ ಕುಳಿತವನಿಗಷ್ಟೇ ಕೇಳುವಂಥದು. ಇಷ್ಟು ಸಣ್ಣ ಸಪ್ಪಳಕ್ಕೆ ಇಷ್ಟು ಹೆಸರಾದರೆ ದೊಡ್ಡ ಸಪ್ಪಳದ್ದು ತಂದವನಿಗೆ ಎಷ್ಟಾಗಬೇಡ?

ಸಿಂದಗಿಯಲ್ಲಿ ಜೈನುದ್ದೀನನದು ಕಬ್ಬಿಣ ಸಾಮಾನಿನ ಅಂಗಡಿ. ಪುಣೆಯ ಹರಾಜುಗಳಲ್ಲಿ ಎತ್ತಿ ತಂದ ಮಿಲ್ಟ್ರಿಯ ಪಾನಾ, ಇಕ್ಕಳದಂಥ ಹಳೆ ಹತ್ಯಾರಗಳು ಅವನಲ್ಲಿ ಗೋಣಿಚೀಲದ ಮೇಲೆ ಸಾಲಾಗಿ ಬಿದ್ದಿರುತ್ತಿದ್ದವು. ಖಂಡೆಪ್ಪ ಅಂಗಡಿಯ ಮೆಟ್ಟಿಲು ಹತ್ತಿದ, ಹತ್ತಿದವನು ಅಲ್ಲೇ ನಿಂತ. ಒಳಗೆ ಸ್ಟೂಲಿನ ಮೇಲೆ ಕಾಸಿಂಸಾಬ ಚಹಾ ಕುಡಿಯುತ್ತ ಕುಳಿತಿದ್ದ.

"ಬಾ ಯಣ್ಣಾ! ಹೇಳಿದ್ರ ಕೂಡೇ ಬರ್ತಿದ್ವಿ" ಎಂದ ಕಾಸಿಂಸಾಬ.

"ನಿನಗೇನ ಕೆಲಸ ಇಲ್ಲಿ?"

"ಜೈನುದ್ದೀನ ನಮ್ಮ ಹಜರಾಬಿ ಅಣ್ಣ ಅಲ್ಲೇನು. ಭೆಟ್ಟಿಗೆ ಬಂದಿದ್ನಿ."

ಹಜರಾಬಿ ಕಾಸಿಂಸಾಬನ ಹೆಂಡತಿ. ಅಂದರೆ ಅಂಗಡಿಯೂ ಅವನ ಕಡೆಯದೇ. ಖಂಡೆಪ್ಪ ಹಲ್ಲು ಕಚ್ಚಿಕೊಂಡು, ತನಗೆ ಬೇಕಾದದ್ದೇನೆಂದು ಹೇಳಿದ. ಜೈನುದ್ದೀನ ಎರಡು ರ‍್ಯಾಚೆಟ್ ತೆಗೆದು ಮುಂದಿಟ್ಟ. ಎರಡಕ್ಕೂ ಒಂದೇ ಬೆಲೆ, ಎರಡರ ಹಿಡಿಕೆಯೂ ಹತ್ತಿಂಚು, ಸಾಕೆಟ್ಟು ಸಿಕ್ಕಿಸುವ ಚೌಕ ಮೂತಿಯೂ ಎರಡಕ್ಕೂ ಅರ್ಧ ಇಂಚು. ಒಂದು ಮಾತ್ರ ಕನ್ನಡಿಯಂತೆ ಥಳಥಳ ಹೊಳೆಯುತ್ತಿತ್ತು, ತಲೆ ದಪ್ಪ, ಕೈಯಲ್ಲಿ ಹಿಡಿದರೆ ತೂಕ. ಇನ್ನೊಂದರ ಬಣ್ಣ ಎಣ್ಣೆ ಕುಡಿದು ಕಪ್ಪಾಗಿತ್ತು, ತಲೆ ಚಿಕ್ಕದು.

ಖಂಡೆಪ್ಪ ಹೊಳೆಯುವುದನ್ನು ಎತ್ತಿ ತಿರುಗಿಸಿದ. ಕರ್ರ್, ಕರ್ರ್, ಕರ್ರ್! ರಸ್ತೆಯಲ್ಲಿ ಹೋಗುವವನೊಬ್ಬ ತಿರುಗಿ ನೋಡಿದ. ಕಪ್ಪನೆಯದನ್ನು ತಿರುಗಿಸಿದ. ಬೆಕ್ಕು ಗಂಟಲಲ್ಲಿ ಗುರುಗುಟ್ಟಿದಷ್ಟು ಸದ್ದು, ಅದೂ ಕಿವಿಯ ಹತ್ತಿರ ಹಿಡಿದರೆ.

ಕಾಸಿಂಸಾಬ ಚಹಾದ ಬಸಿ ಕೆಳಗಿಟ್ಟ. "ಕರೇದು ತಗೊ ಯಣ್ಣಾ."

"ಯಾಕ?"

"ಇಲ್ಲಿ ನೋಡ." ಅವನು ಮೂತಿಯನ್ನು ಮುಷ್ಟಿಯಲ್ಲಿ ಗಟ್ಟಿ ಹಿಡಿದು ಹಿಡಿಕೆಯನ್ನು ನಿಧಾನವಾಗಿ ಸರಿಸಿದ. "ಈ ಬೆಳ್ಳಂದರಾಗ ಹಲ್ಲ ದೊಡ್ಡವು, ಇಪ್ಪತ್ತ ಅದಾವ. ಹಿಡಿಕಿ ನಾಕ ಬೆರಳ ಸರದ್ರ ಒಂದ ಹಲ್ಲ ಹಿಡಿತೈತಿ. ಕರೇದ್ರಾಗ ಸಣ್ಣ ಹಲ್ಲ, ನಲವತ್ತು. ಎರಡ ಬೆರಳ ಸರದ್ರ ಸಾಕು. ಬಯಲಾಗ ಎರಡೂ ಛಲೋನ. ಬೆಳ್ಳಂದು ಮುರಿಯೂ ಅಂಥಾದ್ದಲ್ಲ. ಆದ್ರ ಇಕ್ಕಟ್ಟಿನ್ಯಾಗ ಕೈ ಹಾಕೂ ಹೊತ್ತಿಗೆ ಕರೇದ ಬೇಕು. ನನ್ನಲ್ಲಿರೂದೂ ಇಂಥಾದ್ದ."

ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಆದರೆ ಖಂಡೆಪ್ಪನಿಗೆ ಬೆರಳುಗಳ ಲೆಕ್ಕ ಕೇಳಿಸಲೇ ಇಲ್ಲ. ಇವನು ಯಾಕೆ ಹೇಳುತ್ತಿದ್ದಾನೆ ಎಂಬುದಷ್ಟೇ ಕೇಳಿಸಿತು. ನನ್ನ ಪಾನಾ ಊರಲ್ಲಿ ಗರ್ಜಿಸಿದರೆ ತನ್ನ ಜೀರುಂಡೆಯನ್ನು ಯಾರು ಕೇಳುತ್ತಾರೆ ಎಂಬ ಭಯ ಇವನಿಗೆ. ಅದಕ್ಕೇ ಮೂಕ ಪಾನಾವನ್ನು ನನ್ನ ಕೊರಳಿಗೆ ಕಟ್ಟುತ್ತಿದ್ದಾನೆ. ಹೊಟ್ಟೆಕಿಚ್ಚು! ಹಾಗೆ ಅನಿಸಿದ್ದೇ ಖಂಡೆಪ್ಪನಿಗೆ ಐದು ತಿಂಗಳಲ್ಲಿ ಮೊದಲ ಸಲ ತಂಪಾದಂತಾಯಿತು. ಮಿಲ್ಟ್ರಿಯಿಂದ ಬಂದವನಿಗೂ ನನ್ನ ಮೇಲೆ ಹೊಟ್ಟೆಕಿಚ್ಚಿದೆ ಅಂದರೆ ನಾನೂ ಏನೋ ಇದ್ದೇನೆ.

"ಬೆಳ್ಳಂದ ಕಟ್ಟ ಜೈನುದ್ದೀನ, ನಾಕ ಸಾಕೆಟ್ಟೂ ಹಾಕ" ಎಂದ.

ಜೈನುದ್ದೀನ ಕಾಸಿಂಸಾಬನ ಮುಖ ನೋಡಿದ. ಅವನು ಭುಜ ಕುಣಿಸಿ ಚಹಾದ ಬಸಿ ಎತ್ತಿಕೊಂಡ.

ಅದಾದ ಎಂಟನೆಯ ದಿನ ಮುಂಜಾನೆ ಖಂಡೆಪ್ಪ ಗಿರಣಿಯ ಬಾಗಿಲು ತೆಗೆಯುತ್ತಿದ್ದಾಗ ಬಸಂತರಾಯನ ಬಾವಿಯ ಇಂಜಿನ್ ನಡುವೆಯೇ ಉಸಿರುಬಿಟ್ಟು ನಿಂತದ್ದು ಕೇಳಿಸಿತು. ಬಸಂತರಾಯ ಊರಿಗೆ ದೊಡ್ಡ ಒಕ್ಕಲು. ಅವನ ನಾಲ್ಕು ಎಕರೆ ಉಳ್ಳಾಗಡ್ಡಿ ನೀರಿಗೆ ಬಾಯಿಬಿಟ್ಟು ನಿಂತಿತ್ತು. ಖಂಡೆಪ್ಪ ಗಿರಣಿ ಮುಚ್ಚಿದ. ಪೆಟ್ಟಿಗೆ ಹೆಗಲಿಗೇರಿಸಿ ಅಡ್ಡದಾರಿ ಹಿಡಿದ. ಬಸಂತರಾಯ ಆಳನ್ನು ಕಾಸಿಂಸಾಬನ ಮನೆಗೆ ಅಟ್ಟಿ ಇನ್ನೂ ಬಾಯಿ ಮುಚ್ಚಿರಲಿಲ್ಲ, ಎದುರಿಗೆ ಖಂಡೆಪ್ಪ.

"ನಿನಗ ಯಾರ ಹೇಳಿದ್ರೊ?"

"ಇಂಜಿನ್ನ ಹೇಳ್ತ್ರಿ ಗೌಡ್ರ. ತಲಿ ಕೆಳಗಿನ ಪ್ಯಾಕಿಂಗ ಹಾರೈತಿ. ನಾಕ ನಟ್ಟ ಬಿಚ್ಚಿ ಹೊಸಾದ ಹಾಕಿದ್ರ ಮುಗೀತು."

"ಆ ಕಾಸಿಂಸಾಬಗ ಹೇಳಿಕಳಿಸೇನಲ್ಲೊ."

"ಬರ್ಲಿ ಬಿಡ್ರಿ. ಮ್ಯಾಲ ಕುಂತ ನೋಡ್ಲಿ."

ಬೇಸಿಗೆಗೆ ನೀರು ಇಳಿದಿದ್ದರಿಂದ ಆ ವರ್ಷ ಇಂಜಿನ್ನನ್ನು ಹಗ್ಗ ಕಟ್ಟಿ ಬಾವಿಯೊಳಗೆ ಗೋಡೆಗೆ ಅಂಟಿ ಚಾಚಿದ ಕಲ್ಲಿನ ಪಡಿಗೆ ಇಳಿಸಿದ್ದರು. ಖಂಡೆಪ್ಪ ಮೆಟ್ಟಿಲು ಕಲ್ಲುಗಳ ಮೇಲೆ ಕಾಲಿಡುತ್ತ ಇಳಿದು ಕೆಲಸಕ್ಕೆ ಕುಳಿತ. ಮೇಲೆ ಹನ್ನೆರಡು ಹದಿನಾಲ್ಕು ಮಂದಿ ಸೇರಿದರು. ಮೊದಲ ನಟ್ಟು: ಕರ್ರ್, ಎಳೆತ, ಕರ್ರ್, ಎಳೆತ. ಬಾವಿಯ ಗೋಡೆಗಳು ಆ ಸಪ್ಪಳವನ್ನು ಎರಡರಷ್ಟು ಮಾಡಿ ಮೇಲಕ್ಕೆ ಕಳಿಸಿದವು.

"ಅಬಬಬ! ಇದೇನ ಪಾನಾನೋ, ಹುಲಿಯೋ?" ಎಂದರು ಮೇಲಿನವರು.

ಎರಡನೆಯದು ಬಂತು. ಮೂರನೆಯದೂ ಬಂತು. ಖಂಡೆಪ್ಪನ ಎದೆ ಉಬ್ಬಿ ಅಂಗಿ ಬಿಗಿಯಾಯಿತು. ಅಷ್ಟರಲ್ಲಿ ದಂಡೆಯ ಮೇಲೆ ಕಾಸಿಂಸಾಬನ ತಲೆ ಕಂಡಿತು, ಕೈಯಲ್ಲಿ ಹಸಿರು ಪೆಟ್ಟಿಗೆ. ಖಂಡೆಪ್ಪ ಅವನಿಗೆ ಕೇಳಲೆಂದೇ ಇನ್ನೆರಡು ಸಲ ಕರ್ರ್ ಅನ್ನಿಸಿ ನಾಲ್ಕನೆಯ ನಟ್ಟಿಗೆ ಸಾಕೆಟ್ಟು ಕೂಡಿಸಿದ.

ನಾಲ್ಕನೆಯದು ಗೋಡೆಯ ಕಡೆಗಿತ್ತು. ಹಿಡಿಕೆಯ ಈ ಬದಿಗೆ ಬಾವಿಯ ಕಲ್ಲು, ಆ ಬದಿಗೆ ಹೊಗೆ ಕೊಳವೆ. ಹಿಡಿಕೆ ಎತ್ತರಿಸೋಣವೆಂದರೆ ಅದರ ಮೇಲೇ ಮೆಟ್ಟಿಲು ಕಲ್ಲು ಚಾಚಿತ್ತು. ಹಿಡಿಕೆ ಕಲ್ಲಿನಿಂದ ಕೊಳವೆಯವರೆಗೆ ಸರಿಯಿತು, ಕೊಳವೆಯಿಂದ ಕಲ್ಲಿಗೆ ಬಂತು. ಸದ್ದಿಲ್ಲ. ಹಲ್ಲು ಹಿಡಿಯಲಿಲ್ಲ. ಬೆರಳಿಟ್ಟು ಅಳೆದ. ಮೂರು ಬೆರಳ ಜಾಗ. ಅವನ ಪಾನಾಕ್ಕೆ ನಾಲ್ಕು ಬೇಕು. ಹಳೆಯ ಪಾನಾಗಳನ್ನು ತೆಗೆದು ನೋಡಿದ. ಅವಕ್ಕೆ ಇನ್ನೂ ಹೆಚ್ಚು ಬೇಕು. ಇನ್ನು ಇಂಜಿನ್ನನ್ನೇ ಜರುಗಿಸಬೇಕು. ಅದಕ್ಕೆ ಎಂಟು ಆಳು, ಹಗ್ಗ, ಒಂದು ಇಡೀ ದಿನ. ಅಲ್ಲಿಗೆ ಅವನ ಕಥೆ ಮುಗಿದಂತೆ.

"ಖಂಡೆಪ್ಪಾ! ಯಾಕೊ ನಿನ್ನ ಹುಲಿ ಸುಮ್ಮನಾತಲ್ಲೊ?" ಬಸಂತರಾಯ ಬಗ್ಗಿ ಕೂಗಿದ.

ಖಂಡೆಪ್ಪ ಆಗ ಮಾಡಿದ್ದನ್ನು ಆಮೇಲೆ ನೆನೆದಾಗಲೆಲ್ಲ ಕಿವಿ ಕೆಂಪಾಗುತ್ತಿತ್ತು. ಪಾನಾವನ್ನು ನಟ್ಟಿನಿಂದ ತೆಗೆದು, ಎಡಗೈಯಲ್ಲಿ ಸಾಕೆಟ್ಟು ಹಿಡಿದು, ಬಲಗೈಯಿಂದ ಹಿಡಿಕೆಯನ್ನು ಗಾಳಿಯಲ್ಲಿ ಗರಗರ ತಿರುಗಿಸಿದ. ಕರ್ರ್‌ಕರ್ರ್‌ಕರ್ರ್‌ಕರ್ರ್!

"ಹಾಂ! ನಡದೈತಿ, ನಡದೈತಿ!" ಮೇಲಿನವರು ಸಮಾಧಾನಗೊಂಡು ತಂಬಾಕು ತಿಕ್ಕತೊಡಗಿದರು.

ಸಮಾಧಾನವಾಗದವನು ಒಬ್ಬನೇ. ನಟ್ಟು ಬಿಚ್ಚುವ ರ‍್ಯಾಚೆಟ್ಟು ಸದ್ದು ಮಾಡಿ, ಎಳೆತಕ್ಕೆ ಸುಮ್ಮನಾಗಿ, ಮತ್ತೆ ಸದ್ದು ಮಾಡಬೇಕು. ನಡುವೆ ಸುಮ್ಮನಾಗದೆ ಒಂದೇ ಸಮ ಕೂಗುತ್ತಿದೆ ಎಂದರೆ ಅದು ಗಾಳಿಯಲ್ಲಿದೆ. ಕಾಸಿಂಸಾಬ ಪೆಟ್ಟಿಗೆ ತೆರೆದ, ತನ್ನ ಪಾನಾ ಅಂಗಿಯೊಳಗೆ ಸೇರಿಸಿದ, "ನೋಡ್ಕೊಂಡ ಬರ್ತೇನ್ರಿ ಗೌಡ್ರ" ಎಂದು ಇಳಿದು ಬಂದು ಪಡಿಯ ಮೇಲೆ ಖಂಡೆಪ್ಪನ ಪಕ್ಕ ಕುಕ್ಕರಗಾಲಲ್ಲಿ ಕುಳಿತ.

"ಎಷ್ಟೈತಿ ಜಾಗಾ?" ಪಿಸುಮಾತಿನಲ್ಲಿ ಕೇಳಿದ.

ಖಂಡೆಪ್ಪ ತಿರುಗಿಸುವುದನ್ನು ನಿಲ್ಲಿಸದೆ ಅವನನ್ನೇ ದಿಟ್ಟಿಸಿದ. ಈಗ ಇವನು ನಗುತ್ತಾನೆ. ಈಗ ಮೇಲೆ ಮುಖ ಮಾಡಿ ಕೂಗಿ ಹೇಳುತ್ತಾನೆ.

"ಮೂರ ಬೆರಳು."

"ಹಿಡಿ." ಕಪ್ಪನೆಯ ಪಾನಾ ಖಂಡೆಪ್ಪನ ಮಡಿಲಿಗೆ ಬಂತು. ಹೊಳೆಯುವುದನ್ನು ಕಾಸಿಂಸಾಬ ಕಸಿದುಕೊಂಡ. "ನಿಲ್ಲಸ್ಬ್ಯಾಡ, ಮ್ಯಾಲ ಗೊತ್ತಾಗತೈತಿ. ಸಪ್ಪಳ ನಾ ಮಾಡ್ತೇನಿ. ನೀ ಬಿಚ್ಚ."

ಅವನು ಗಾಳಿಯಲ್ಲಿ ತಿರುಗಿಸಿದ. ಅದೂ ಬಲ್ಲವನಂತೆ, ನಡುನಡುವೆ ತಡೆದು, ಮುಖ ಕಿವುಚಿ, "ಹ್ಹಾ!" ಎಂದು ಉಸಿರು ಬಿಟ್ಟು. ಖಂಡೆಪ್ಪ ಕಪ್ಪನೆಯದನ್ನು ನಟ್ಟಿಗೆ ಕೂಡಿಸಿದ. ಎರಡು ಬೆರಳು ಸರಿದದ್ದೇ ತಡ, ಹಲ್ಲು ಹಿಡಿಯಿತು. ಮೊದಲ ಎಳೆತಕ್ಕೆ ನಟ್ಟು ಕಿರುಗುಟ್ಟಿತು, ಆಮೇಲೆ ಸಡಿಲವಾಯಿತು. ಅಂಗೈಯಲ್ಲಿ ಅದರ ಸಣ್ಣ ಮಿಡಿತ ಬಿಟ್ಟರೆ ಮತ್ತೇನೂ ಇಲ್ಲ. ಇಷ್ಟು ಚಂದದ ಹತ್ಯಾರವನ್ನು ಅವನು ಹುಟ್ಟಿದಾಗಿನಿಂದ ಹಿಡಿದಿರಲಿಲ್ಲ.

ಆ ಕ್ಷಣದಲ್ಲೇ ಅವನಿಗೆ ಅಂಗಡಿಯ ಮಾತು ಅರ್ಥವಾಯಿತು. ಕಾಸಿಂಸಾಬ ಅವತ್ತು ಇದ್ದದ್ದನ್ನೇ ಹೇಳಿದ್ದ. ಭಯದಿಂದಲ್ಲ, ಹೊಟ್ಟೆಕಿಚ್ಚಿನಿಂದಲ್ಲ. ಅವನಿಗೆ ತನ್ನ ಮೇಲೆ ಹೊಟ್ಟೆಕಿಚ್ಚು ಎಂದೂ ಇರಲೇ ಇಲ್ಲ. ಐದು ತಿಂಗಳಿಂದ ತಾನೊಬ್ಬನೇ ಕುಸ್ತಿ ಹಿಡಿದಿದ್ದ. ಎದುರಾಳಿ ಕಣಕ್ಕೇ ಬಂದಿರಲಿಲ್ಲ. ಅವನು ಮೋಸ ಮಾಡಿದ್ದರೂ ಖಂಡೆಪ್ಪನಿಗೆ ಇಷ್ಟು ಉರಿಯುತ್ತಿರಲಿಲ್ಲ.

ಪ್ಯಾಕಿಂಗ್ ಬದಲಾಯಿತು, ನಾಲ್ಕೂ ನಟ್ಟು ಮತ್ತೆ ಬಿಗಿದವು, ಮಧ್ಯಾಹ್ನದ ಹೊತ್ತಿಗೆ ಉಳ್ಳಾಗಡ್ಡಿಯ ಮಡಿಗಳಿಗೆ ನೀರು ಹೋಯಿತು. ದಂಡೆಯ ಮೇಲೆ ಕಂಬಳಿ ಹಾಸಿದ್ದರು. ಕಪ್ಪು-ಬಸಿಯಲ್ಲಿ ಚಹಾ ಬಂತು. ಮಂದಿ ಹೊಳೆಯುವ ಪಾನಾವನ್ನು ಕೈಯಿಂದ ಕೈಗೆ ದಾಟಿಸಿ ತಿರುತಿರುಗಿಸಿ ಕೇಳಿದರು.

"ಏನಪಾ ಕಾಸಿಂಸಾಬ" ಬಸಂತರಾಯ ನಕ್ಕ, "ನಿಮ್ಮ ಮಿಲ್ಟ್ರಿ ಪಾನಾ ಸೋತಂಗಾತಲ್ಲೊ?"

"ಹೌದ್ರಿ ಗೌಡ್ರ. ಸಪ್ಪಳದಾಗ ಖಂಡೆಪ್ಪಣ್ಣಂದನ ಮುಂದ."

ಖಂಡೆಪ್ಪ ಚಹಾದ ಬಸಿ ಕೆಳಗಿಟ್ಟ. ಒಂಬತ್ತು ವರ್ಷ ಸಿಕ್ಕಿದ್ದು, ಐದು ತಿಂಗಳು ಕೈತಪ್ಪಿದ್ದು, ಎಲ್ಲ ಒಮ್ಮೆಗೇ ಅವನ ಮಡಿಲಿಗೆ ಬಂದಿತ್ತು. ಹಾಕಿದವನು ಕಾಸಿಂಸಾಬ. ಈ ಮನುಷ್ಯ ಪಾನಾದಲ್ಲೂ ಮೇಲು, ಕೈಯಲ್ಲೂ ಮೇಲು, ಈಗ ದೊಡ್ಡಸ್ತಿಕೆಯಲ್ಲೂ ಮೇಲಾಗಿ ಕುಳಿತಿದ್ದಾನೆ. ಇದೊಂದನ್ನಾದರೂ ಇವನಿಗೆ ಬಿಡಬಾರದು.

"ಸುಳ್ಳ ಐತ್ರಿ!" ಎಂದು ಖಂಡೆಪ್ಪ ಎದ್ದು ನಿಂತ. "ಕಡೀ ನಟ್ಟ ಬಿಚ್ಚಿದ್ದ ನನ್ನ ಪಾನಾ ಅಲ್ಲ. ಇವನ ಪಾನಾ. ನನ್ನದು ಬರೇ ಗಾಳ್ಯಾಗ ತಿರಗಿಸಿದ್ದು."

ಮಂದಿ ಅವನ ಮುಖ, ಕಾಸಿಂಸಾಬನ ಮುಖ ನೋಡಿದರು. ಆಮೇಲೆ ಎಲ್ಲರೂ ನಕ್ಕರು.

"ನೋಡ್ರಿ ಇವನ ದೊಡ್ಡ ಗುಣ!" ಎಂದ ಬಸಂತರಾಯ. "ಮಾಡಿದ್ದ ತಾನು, ಹೆಸರ ಮತ್ತೊಬ್ಬಗ ಕೊಡ್ತಾನ. ನಾವೇನ ಕಿವುಡರೇನೊ ಖಂಡೆಪ್ಪಾ? ಕಿವಿಲೆ ಕೇಳೇವಿ."

ನಾಲ್ಕು ದಿನ ಕಳೆದವು. ಬಸಂತರಾಯನಿಂದ ಹೇಳಿಕೆ ಬಂತು. ಮುದ್ದೇಬಿಹಾಳದ ಕಡೆಯ ಅವನ ಬೀಗರ ಇಂಜಿನ್ ಬಾವಿಯೊಳಗೇ ಕೆಟ್ಟಿದೆ, ಅಲ್ಲೂ ಗೋಡೆಗೆ ಹತ್ತಿದ ಪಡಿ, ಖಂಡೆಪ್ಪನೇ ಬರಬೇಕು, ಆ ಪಾನಾ ತರಬೇಕು. ಬೇರೆ ತಾಲೂಕಿನಿಂದ ಕರೆ! ಕಸ್ತೂರೆವ್ವ ಬುತ್ತಿ ಕಟ್ಟಿದಳು. ಖಂಡೆಪ್ಪ ಹೊಸ ಅಂಗಿ ತೊಟ್ಟು, ಗಿರಣಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತು, ಕೊನೆಗೆ ಕಾಸಿಂಸಾಬನ ಓಣಿಗೆ ಹೊರಳಿದ.

ಹಜರಾಬಿ ಅಂಗಳ ಗುಡಿಸುತ್ತಿದ್ದಳು. "ಬರ್ರಿ ಯಣ್ಣಾರ" ಎಂದು ಗಂಡನನ್ನು ಕೂಗಿದಳು. ಕಾಸಿಂಸಾಬ ಹೊರಬಂದ.

"ನಿನ್ನ ಪಾನಾ ಎರಡ ದಿನಾ ಬೇಕಾಗಿತ್ತು" ಎಂದ ಖಂಡೆಪ್ಪ, ಗೋಡೆಯ ಕಡೆ ಮುಖ ಮಾಡಿ. ಇಲ್ಲ ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಒಮ್ಮೆ, ಒಂದೇ ಒಂದು ಸಲ ಇವನು ಸಣ್ಣವನಾಗಲಿ.

ಕಾಸಿಂಸಾಬ ಒಳಗೆ ಹೋಗಿ ಕಪ್ಪನೆಯ ಪಾನಾ ತಂದು ಕೊಟ್ಟ. ಕೊಟ್ಟು, ಬಾಗಿಲಿಗೆ ಒರಗಿ ಕೇಳಿದ:

"ಸಪ್ಪಳ ಮಾಡಾಕ ಯಾರನ್ನ ಕರ್ಕೊಂಡ ಹೊಂಟಿ?"

ಖಂಡೆಪ್ಪ ಪಾನಾವನ್ನು ಕೈಯಲ್ಲಿ ಹೊರಳಿಸಿ ನೋಡಿದ. ಕಪ್ಪನೆಯ ಪಾನಾದಿಂದ ಕೆಲಸ ಆಗುತ್ತದೆ, ಹೆಸರು ಆಗುವುದಿಲ್ಲ. ಬಸಂತರಾಯನ ಬೀಗರು ದಂಡೆಯ ಮೇಲೆ ಕಿವಿ ತೆರೆದು ಕುಳಿತಿರುತ್ತಾರೆ. ಹಜರಾಬಿ ಸೆರಗಿನೊಳಗೆ ನಗುತ್ತಿದ್ದುದು ಅವನಿಗೆ ಕಂಡಿತು.

"ನೀನ ಬಾ" ಎಂದ, ಮೂಗಿನೊಳಗೆ.

"ಏನಂದಿ?"

"ನೀನ ಬಾ ಅಂದೆ. ಎಷ್ಟ ಸಲ ಹೇಳ್ಲಿ?"

ಬಸ್ಸಿನಲ್ಲಿ ಕಪ್ಪನೆಯ ಪಾನಾ ಖಂಡೆಪ್ಪನ ಚೀಲದೊಳಗಿತ್ತು. ಹೊಳೆಯುವುದನ್ನು ಕಾಸಿಂಸಾಬ ತೊಡೆಯ ಮೇಲೆ ಇಟ್ಟುಕೊಂಡು, ಬೇಸರ ಬಂದಾಗೊಮ್ಮೆ ಸುಮ್ಮನೆ ತಿರುಗಿಸುತ್ತಿದ್ದ. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರ್ ಬಂದವನು ಅದನ್ನು ನೋಡಿ ಟಿಕೇಟು ಹರಿಯುತ್ತ, "ಮೇಸ್ತ್ರಿಗಳೇನ್ರಿ ನೀವು?" ಎಂದು ಕಾಸಿಂಸಾಬನನ್ನು ಕೇಳಿದ.

"ನಾ ಅಲ್ರಿ. ಇವ್ರು" ಎಂದು ಕಾಸಿಂಸಾಬ ಪಕ್ಕಕ್ಕೆ ಕೈ ಮಾಡಿದ.

ಕಂಡಕ್ಟರ್ ಖಂಡೆಪ್ಪನ ಖಾಲಿ ಕೈ ನೋಡಿದ, ಕಾಸಿಂಸಾಬನ ತೊಡೆಯ ಮೇಲಿನ ಪಾನಾ ನೋಡಿದ, ಮಾತು ನಂಬದೆ ಮುಂದೆ ಹೋದ. ಖಂಡೆಪ್ಪ ಕೈ ಚಾಚಿ ಪಾನಾವನ್ನು ಕಸಿದು ತನ್ನ ತೊಡೆಯ ಮೇಲಿಟ್ಟುಕೊಂಡ. ಮುದ್ದೇಬಿಹಾಳ ಬರುವವರೆಗೂ ಅದರ ಮೇಲಿನ ಕೈ ತೆಗೆಯಲಿಲ್ಲ.